ಹಳೆ ತೊಟ್ಟಿಲ ಸಂಸ್ಕಾರ

ವಿಷಯ

ಕಮಲಾಪುರದ ನನ್ನ ತವರುಮನೆಯ ಅಟ್ಟದ ಮೇಲೆ ಒಂದು ತೊಟ್ಟಿಲಿತ್ತು. ಸಾಗವಾನಿ ಕಟ್ಟಿಗೆಯದು, ನಾಲ್ಕು ಮೂಲೆಗೆ ಕಡೆದ ಕಾಲು, ಸುತ್ತ ಕಡ್ಡಿಗಳ ಕಟಾಂಜನ, ಸರಪಳಿ ಸಿಕ್ಕಿಸಲು ಹಿತ್ತಾಳೆಯ ನಾಲ್ಕು ಕೊಂಡಿ. ನಾನು, ನನ್ನ ಇಬ್ಬರು ತಮ್ಮಂದಿರು, ಆಮೇಲೆ ಅವರ ಮಕ್ಕಳು, ಎಲ್ಲರೂ ಅದರಲ್ಲಿ ಮಲಗಿ ಬೆಳೆದವರು. ಹೋದ ಡಿಸೆಂಬರಿನಲ್ಲಿ, ತೊಗರಿ ರಾಶಿ ನಡೆದಿದ್ದಾಗ, ದೊಡ್ಡ ತಮ್ಮ ಅದನ್ನು ಟಂಟಂನಲ್ಲಿ ಹೇರಿಸಿ ಹುಮನಾಬಾದ್ ರಸ್ತೆಯಿಂದ ಕಲಬುರಗಿಗೆ ಕಳಿಸಿದ. ಮಗಳು ಮೊದಲ ಹೆರಿಗೆಗೆ ಬರುವವಳಿದ್ದಳು. ಅದೇ ವಾರ ಊರೊಳಗಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಮಕ್ಕಳ ಕುರ್ಚಿಯೊಂದು, ಕಟಾಂಜನದ ಸಣ್ಣ ಮಂಚವೊಂದು ಕಣ್ಣಿಗೆ ಬಿದ್ದವು. ಚೌಕಾಸಿ ಮಾಡಿ ಎರಡನ್ನೂ ಸೇರಿಸಿ 900 ರೂಪಾಯಿಗೆ ತಂದೆ. ಕೂಸು ತೊಟ್ಟಿಲಲ್ಲಿ ಇರುವುದು ಐದಾರು ತಿಂಗಳು. ಮುಂದಿನದನ್ನೂ ಈಗಲೇ ಸಿದ್ಧ ಮಾಡಿಡೋಣ ಎಂಬ ಯೋಚನೆ.

ಮಕ್ಕಳ ಇಂಥ ಹಳೆಯ ಸಾಮಾನನ್ನು ಕಡಿಮೆ ಖರ್ಚಿನಲ್ಲಿ ಮತ್ತೆ ಬಳಕೆಗೆ ತರಬಹುದೇ, ತಂದರೆ ಹೇಗೆ ಎಂಬುದು ಇಲ್ಲಿಯ ವಿಷಯ. ಯಜ್ಞವಿಧಿಗಳನ್ನು ವಿಚಾರಿಸುವ ಮೀಮಾಂಸಕರು ಒಂದು ಪ್ರಶ್ನೆಯನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳಲ್ಲಿ ಬಿಡಿಸುತ್ತಾರೆ. ಭತ್ತ ಕುಟ್ಟುವ ಒನಕೆ ಒರಳಿನ ಬಗ್ಗೆ ಅಷ್ಟು ಶ್ರದ್ಧೆಯಿಂದ ವಾದಿಸಿದ ಆ ಕ್ರಮ ತೊಟ್ಟಿಲಿಗೆ ಯಾಕೆ ಸಲ್ಲಬಾರದು? ಅದರಲ್ಲೂ ಮೀಮಾಂಸಾಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ ಅದರಲ್ಲಿ ಸಂಸ್ಕಾರ ಎಂಬ ಮಾತಿಗೆ ಕೊಟ್ಟ ಅರ್ಥ ಈ ಕೆಲಸ ಮಾಡುವಾಗೆಲ್ಲ ನನ್ನ ಜೊತೆಗಿತ್ತು. ಒಂದು ವಸ್ತುವನ್ನು ಅದರ ಕೆಲಸಕ್ಕೆ ಯೋಗ್ಯವಾಗಿಸುವ ಕ್ರಿಯೆಯೇ ಸಂಸ್ಕಾರ ಎನ್ನುತ್ತಾನೆ ಅವನು. ಭತ್ತ ಕುಟ್ಟುವುದು ಅದು ಚೆಂದ ಕಾಣಲಿ ಎಂದಲ್ಲ, ಹವಿಸ್ಸಿಗೆ ಒದಗಲಿ ಎಂದು. ಹಳೆ ಸಾಮಾನಿಗೆ ಹೊಸ ಬಣ್ಣ ಹೊಡೆಯುವುದು ಅಲಂಕಾರ. ಅದು ಕೂಸಿಗೆ ಯೋಗ್ಯವಾಗುವಂತೆ ಮಾಡುವುದು ಸಂಸ್ಕಾರ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಇವೆರಡರಲ್ಲಿ ಯಾವುದಕ್ಕೆ ಖರ್ಚು ಮಾಡಬೇಕು ಎಂಬುದು ತಿಳಿದಿರಬೇಕು.

ಸಂಶಯ

ತೊಟ್ಟಿಲನ್ನು ಅಂಗಳದ ಬಿಸಿಲಿಗಿಟ್ಟು ಧೂಳು ಒರೆಸಿದಾಗ ಮೇಲಿನ ಪಟ್ಟಿಯ ಒಂದು ಕಡೆ ಹಲ್ಲಿನ ಗುರುತು ಕಂಡವು. ಆಗ ತಾನೇ ಮೂಡಿದ ಎರಡು ಮುಂಗೆಳಹಲ್ಲಿನವು, ಒಂದರ ಪಕ್ಕ ಒಂದು, ಅಕ್ಕಿಕಾಳಿನಷ್ಟು ಅಗಲ. ಪಟ್ಟಿಯ ಉದ್ದಕ್ಕೂ ಹದಿನೈದಿಪ್ಪತ್ತು ಕಡೆ ಅವೇ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಮೇಲಿನ ಬಣ್ಣ ಹಸಿರು. ಹಲ್ಲು ಊರಿದ ಕಡೆ ಹಸಿರು ಒಡೆದು ಕೆಳಗೆ ಹಳದಿ, ಹಳದಿಯ ಅಂಚಿಗೆ ಕೂದಲೆಳೆಯಷ್ಟು ಕೆಂಪು, ಅದರ ಕೆಳಗೆ ಕಟ್ಟಿಗೆ. ಹಸಿರು ನನ್ನ ತಮ್ಮಂದಿರ ಮಕ್ಕಳ ಕಾಲದ್ದು. ಹಳದಿ ನಾವು ಸಣ್ಣವರಿದ್ದಾಗಿನದು. ಹಸಿರಿನ ಹೊದಿಕೆಯ ಕೆಳಗೂ, ಬಣ್ಣ ತುಂಬಿಕೊಂಡು ಮಸುಕಾದ ಇನ್ನಷ್ಟು ಗುರುತುಗಳಿದ್ದವು. ಅವು ನನ್ನವೂ ಇರಬಹುದು.

ಹಲ್ಲು ಒಳಗೆ ಇಳಿದಿದೆ ಎಂದಮೇಲೆ ಅಲ್ಲಿದ್ದ ಬಣ್ಣ ಹೊಟ್ಟೆಗೆ ಹೋಗಿದೆ ಎಂದೇ ಅರ್ಥ. ಹಳದಿ, ಕಿತ್ತಳೆ, ಕೆಂಪು, ಇವು ಸೀಸದ ಸಂಯುಕ್ತಗಳಿಂದ ಹೊಳಪು ಪಡೆಯುತ್ತಿದ್ದ ಬಣ್ಣಗಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವಳು ನಾನು. ಇಷ್ಟನ್ನು ತಿಳಿದೂ ಒಮ್ಮೆಯೂ ಈ ತೊಟ್ಟಿಲನ್ನು ಹೀಗೆ ನೋಡಿರಲಿಲ್ಲ. ಹಾಗಾದರೆ ಈ ತೊಟ್ಟಿಲು ಯೋಗ್ಯವೋ ಅಯೋಗ್ಯವೋ? ಒಲೆಗೆ ಹಾಕಬೇಕೋ, ಬಣ್ಣ ಹೊಡೆಯಬೇಕೋ, ಕೆರೆದು ತೆಗೆಯಬೇಕೋ?

ಪೂರ್ವಪಕ್ಷಗಳು

ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು, ಯಾವುದೂ ತಳ್ಳಿಹಾಕುವಂಥದ್ದಲ್ಲ.

ಮೊದಲು ಅವ್ವ. ತವರಿನ ತೊಟ್ಟಿಲಿಗೆ ಆಕೆಯ ತಕರಾರಿರಲಿಲ್ಲ, ಅಂಗಡಿಯಿಂದ ತಂದ ಮಂಚಕ್ಕಿತ್ತು. "ಕಂಡವರ ಮನಿ ಮಂಚ ತಂದೀದಿ. ಯಾರ ಕೂಸು ಮಲಗಿತ್ತೋ, ಏನಾಗಿತ್ತೋ. ಹಸಿಗೂಸಿಗಿ ಬ್ಯಾಡವ್ವಾ" ಎಂದಳು. ಈ ಮಾತನ್ನು ಮೂಢನಂಬಿಕೆ ಎಂದು ಸರಿಸುವುದು ಸುಲಭ, ಆದರೆ ನ್ಯಾಯವಲ್ಲ. ವಸ್ತುವಿನ ಹಿಂದಿನ ಕಥೆ ಗೊತ್ತಿಲ್ಲ ಎಂಬುದೇ ಅವಳ ಅಂಜಿಕೆ. ನನ್ನ ಅಂಜಿಕೆಯೂ ಅದೇ. ಆಕೆ ದೃಷ್ಟಿ ಎನ್ನುತ್ತಾಳೆ, ನಾನು ಸೀಸ ಎನ್ನುತ್ತೇನೆ. ಆದರೆ ಹಳೆಯದು ಎಂಬುದೇ ದೋಷವಲ್ಲ ಎಂಬುದನ್ನು ನಾನು ಆಕೆಯ ಕೆಲಸದಿಂದಲೇ ತೋರಿಸಬಲ್ಲೆ. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಹೊಸ ಬಟ್ಟೆಯನ್ನಲ್ಲ, ಹಿರಿಯರ ಹಳೆ ಧೋತರವನ್ನೋ ಸೀರೆಯನ್ನೋ ಹರಿದ ಮೆತ್ತನೆ ಅರಿವೆಯನ್ನು. ಕೂಸಿನ ಕೌದಿ ಎಂದರೆ ಮನೆಯ ಹೆಂಗಸರು ಉಟ್ಟು ಸವೆದ ಸೀರೆಗಳೇ. ಅವ್ವ ಮೊಮ್ಮಗಳ ಕೂಸಿಗಾಗಿ ಆ ಹೊತ್ತಿಗೆ ಹೊಲಿಯುತ್ತಿದ್ದದ್ದೂ ಅದನ್ನೇ. ಹಳೆಯದನ್ನು ಬಿಸಿನೀರಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಪದರ ಪದರವಾಗಿ ಕೂಡಿಸಿ ಹೊಲಿದರೆ ಅದು ಕೂಸಿಗೆ ಯೋಗ್ಯ. ಕಟ್ಟಿಗೆಗೂ ಅಂಥದ್ದೇ ಒಂದು ಕ್ರಮ ಬೇಕು, ಅಷ್ಟೇ. ಇದನ್ನು ಹೇಳಿದಾಗ ಆಕೆ ಸೂಜಿ ನಿಲ್ಲಿಸಿ, ಮಂಚವನ್ನು ಒಂದು ದಿನ ಪೂರ್ತಿ ಬಿಸಿಲಿಗಿಟ್ಟು ಬೇವಿನೆಲೆ ಕುದಿಸಿದ ನೀರಲ್ಲಿ ಒರೆಸಬೇಕು ಎಂದು ಷರತ್ತು ಹಾಕಿದಳು. ಒರೆಸಿದೆ.

ಎರಡನೆಯದು ಅಳಿಯನದು, ಬೆಂಗಳೂರಿನಿಂದ. "ಅತ್ತಿ, ಯಾಕಿಷ್ಟು ತ್ರಾಸು ತಗೋತೀರಿ? ಫೋನಿನ್ಯಾಗ ಬುಕ್ ಮಾಡಿದ್ರ ಮೂರು ದಿನದಾಗ ಮನಿಗಿ ಬರ್ತದ." ಅವನು ತೋರಿಸಿದ ಮಂಚಕ್ಕೆ 9,500 ರೂಪಾಯಿ. ಹೊಸದು ಕೊಳ್ಳಬಾರದು ಎಂಬ ಹಟ ನನಗಿಲ್ಲ. ಅನುಕೂಲ ಇದ್ದವರು ಗಟ್ಟಿ ಕಟ್ಟಿಗೆಯದನ್ನು, ಬಣ್ಣ ಏನೆಂದು ಬರೆದುಕೊಟ್ಟದ್ದನ್ನು ಕೊಳ್ಳಲಿ. ಆದರೆ ಅಗ್ಗದ ಹೊಸದು ಬಹುಪಾಲು ಪಾರ್ಟಿಕಲ್ ಬೋರ್ಡು, ಅಂದರೆ ಕಟ್ಟಿಗೆಯ ಹೊಟ್ಟನ್ನು ರಾಳದ ಅಂಟಿನಲ್ಲಿ ಒತ್ತಿದ್ದು. ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬೀಳುತ್ತದೆ. ಬಿಸಿ ಹೆಚ್ಚಿದಷ್ಟೂ ಹೆಚ್ಚು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ಕೂಸು ಉಚ್ಚೆ ಹೊಯ್ದರೆ ಆ ಹಲಗೆ ಹಪ್ಪಳದ ಹಾಗೆ ಉಬ್ಬುತ್ತದೆ, ಒಮ್ಮೆ ಸಡಿಲಾದ ತಿರುಪಿನ ಮೊಳೆ ಮತ್ತೆ ಹಿಡಿಯುವುದಿಲ್ಲ. ಐವತ್ತು ವರ್ಷದ ಸಾಗವಾನಿ ಹಿಗ್ಗುವುದು, ಕುಗ್ಗುವುದು, ಬಾಗುವುದು ಎಲ್ಲವನ್ನೂ ಬಹುಮಟ್ಟಿಗೆ ಮುಗಿಸಿ ಕುಳಿತಿರುತ್ತದೆ. ಅದರಲ್ಲಿ ಅಪಾಯ ಎಂಬುದಿದ್ದರೆ ಮೈಮೇಲಿನ ಬಣ್ಣದಲ್ಲಿ, ಸಡಿಲಾದ ಕೂಡುಗಳಲ್ಲಿ, ಕಡ್ಡಿಗಳ ಅಂತರದಲ್ಲಿ. ಈ ಮೂರೂ ಕಣ್ಣಿಗೆ ಕಾಣುವಂಥವು, ಕೈಯಿಂದ ಸರಿಪಡಿಸುವಂಥವು.

ಮೂರನೆಯದು ದೊಡ್ಡ ತಮ್ಮನದು. ಎಲ್ಲಕ್ಕಿಂತ ಬಲವಾದದ್ದು ಇದೇ; ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. "ಯಕ್ಕಾ, ನಾವೆಲ್ಲ ಇದ್ರಾಗೇ ಮಲಗಿ ಬೆಳದೇವಲ್ಲಾ, ಏನಾಗ್ಯದ ನಮಗ?"

ಇದು ಅನುಭವ ಪ್ರಮಾಣ. ಅನುಭವವನ್ನು ಅನುಭವದಿಂದಲೇ ಎದುರಿಸಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ನಮ್ಮಂತೆಯೇ ಬಿಸಿಲ ನಾಡು. ಅಲ್ಲಿನ ಬ್ರಿಸ್ಬೇನ್ ನಗರದ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಒಂದು ಮಾತು ಹೇಳಿದ: ಸೀಸದ ವಿಷವೇರಿದ ಮಕ್ಕಳಿಗೆ ಆ ಸೀಸ ಬರುತ್ತಿರುವುದು ಮನೆಯ ಪಡಸಾಲೆಯ ಬಣ್ಣದ ಕಟಾಂಜನದಿಂದ. ಬಿಸಿಲಿಗೆ ಬಣ್ಣ ಸುಟ್ಟು ಪುಡಿಯಾಗುತ್ತದೆ, ಕೂಸು ಅದನ್ನು ಹಿಡಿದು ನಿಲ್ಲುತ್ತದೆ, ಆ ಕೈ ಬಾಯಿಗೆ ಹೋಗುತ್ತದೆ. ಜನ ಒಪ್ಪಲಿಲ್ಲ. ಅದೇ ಕಟಾಂಜನ ಹಿಡಿದು ಬೆಳೆದವರು ಅಲ್ಲಿಯೂ ಊರ ತುಂಬ ಇದ್ದರಲ್ಲ! ಮಕ್ಕಳ ಕೈಗೆಟುಕುವ ಕಡೆ ಸೀಸದ ಬಣ್ಣವನ್ನು ಅಲ್ಲಿನ ಕಾನೂನು ನಿರ್ಬಂಧಿಸಿದ್ದು 1922ರಲ್ಲಿ. ಒಬ್ಬ ವೈದ್ಯ ಕಂಡದ್ದು ಕಾನೂನಾಗಲು ಹದಿನೆಂಟು ವರ್ಷ ಬೇಕಾಯಿತು. ಅಮೆರಿಕ ಮನೆಗಳ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ ಕೇಂದ್ರ ಸರಕಾರ 2016ರಲ್ಲಿ ನಿಯಮ ಹೊರಡಿಸಿತು. 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚಿರಕೂಡದು. ಅಂದರೆ ನಮ್ಮ ತೊಟ್ಟಿಲಿನ ಮೂರು ಪದರಗಳೂ ಆ ನಿಯಮಕ್ಕೆ ಮೊದಲಿನವು.

ಸೀಸದ ಕೇಡು ಸಿಡುಬಿನ ಹಾಗೆ ಮೈಮೇಲೆ ಏಳುವುದಿಲ್ಲ. ಅದು ಸುಣ್ಣದ ಅಂಶದ ವೇಷ ಹಾಕಿಕೊಂಡು ಎಲುಬಿಗೆ ಸೇರುತ್ತದೆ, ಮಿದುಳಿಗೂ ಹೋಗುತ್ತದೆ. ದೊಡ್ಡವರ ಹೊಟ್ಟೆ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಸಣ್ಣ ಮಕ್ಕಳ ಹೊಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಇಷ್ಟಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಪರಿಣಾಮ ಕಾಣುವುದು ಲಕ್ಷ್ಯ ನಿಲ್ಲದಿರುವುದರಲ್ಲಿ, ಓದಿದ್ದು ತಲೆಗೆ ಹತ್ತದಿರುವುದರಲ್ಲಿ, ಸಿಟ್ಟಿನಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ತಮ್ಮ ವೃತ್ತಿಬದುಕಿನ ದೊಡ್ಡ ಪಾಲನ್ನು ಈ ಒಂದು ಲೋಹದ ಬೆನ್ನು ಹತ್ತಿ ಕಳೆದದ್ದು ಇದಕ್ಕೇ: ಈ ವಿಷ ತಾನಾಗಿ ತನ್ನ ಹೆಸರು ಹೇಳುವುದಿಲ್ಲ, ರಕ್ತ ಪರೀಕ್ಷಿಸಿಯೇ ಹುಡುಕಬೇಕು.

"ಏನಾಗ್ಯದ ನಮಗ?" ಎಂದು ತಮ್ಮ ಕೇಳಿದಾಗ ಹೋಲಿಸಲು ಅವನ ಬಳಿ ಇನ್ನೊಬ್ಬ ತಮ್ಮ ಇಲ್ಲ, ಹಳದಿ ಪಟ್ಟಿ ಕಡಿಯದೆ ಬೆಳೆದ ನಾನು ಎಂಬ ಇನ್ನೊಬ್ಬಳೂ ಇಲ್ಲ. ನಮ್ಮ ಸಣ್ಣ ತಮ್ಮ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತ, ಮೂರು ಸಲವೂ ಗಣಿತ ಬಿಟ್ಟುಕೊಟ್ಟ, ಅಪ್ಪನ ಕೈಯಲ್ಲಿ ಏಟು ತಿಂದ. ಅದಕ್ಕೆ ತೊಟ್ಟಿಲೇ ಕಾರಣ ಎಂದರೆ ಅನ್ಯಾಯವಾದೀತು. ಅಲ್ಲವೇ ಅಲ್ಲ ಎಂದು ಆಣೆ ಮಾಡಲು ನನ್ನ ಬಾಯಿ ಬರುವುದಿಲ್ಲ. ಬದುಕಿ ಉಳಿದೆವು ಎಂಬುದು ತೊಟ್ಟಿಲು ನಿರ್ದೋಷಿ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ನಮ್ಮ ಜಿಲ್ಲೆಯ ಮರತೂರಿನವರು ವಿಜ್ಞಾನೇಶ್ವರನನ್ನು ತಮ್ಮ ಊರಿನವನೆಂದು ಹೆಮ್ಮೆಪಡುತ್ತಾರೆ. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಪಾಲುಂಟು ಎಂದು ಆತ ಮಿತಾಕ್ಷರೆಯಲ್ಲಿ ಪೂರ್ವಪಕ್ಷಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಸ್ಥಾಪಿಸಿದ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. ಆಸ್ತಿ ಬರುವ ದಾರಿಯಲ್ಲೇ ಸಾಲವೂ ಬರುತ್ತದೆ. ಈ ತೊಟ್ಟಿಲ ಮೇಲಿನ ಸಾಲ ಸೀಸ. ಅದನ್ನು ತೀರಿಸಿಯೇ ಕೂಸಿಗೆ ಕೊಡಬೇಕು ಎಂದೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆರೆಯಲಿಕ್ಕೆ ತಾನೇ ಬರುವುದಾಗಿ ಹೇಳಿದ.

ನಾಲ್ಕನೆಯ ಪೂರ್ವಪಕ್ಷ ಬಣ್ಣ ಹೊಡೆಯುವವನದು. "ಮ್ಯಾಲೊಂದು ಕೈ ಹೊಡದ್ರ ಹೊಸಾದಾಗ್ತದ್ರಿ ಅಕ್ಕಾರ. ಒಳಗಿಂದು ಒಳಗೇ ಇರ್ತದ." ಗೋಡೆಯ ಮಟ್ಟಿಗೆ ಇದು ಒಪ್ಪತಕ್ಕ ಮಾತು, ಗಟ್ಟಿಯಾಗಿ ಕೂತ ಹಳೆ ಬಣ್ಣವನ್ನು ಕೆದಕದೆ ಮುಚ್ಚುವುದು ಎಷ್ಟೋ ಕಡೆ ಲೇಸು. ಆದರೆ ತೊಟ್ಟಿಲು ಗೋಡೆಯಲ್ಲ. ಈ ವಿಷಯದಲ್ಲಿ ಕಡೆಯ ಪ್ರಮಾಣ ಕೂಸಿನ ಬಾಯಿ. ಬಾಯಿ ಮುಟ್ಟುವ, ಹಲ್ಲು ಊರುವ ಕಡೆ ಒಂದು ಕೈ ಹೊಸ ಬಣ್ಣದ ದಪ್ಪ ಎಷ್ಟು ಎಂಬುದನ್ನು ನಮ್ಮ ಪಟ್ಟಿಯ ಮೇಲಿನ ಗುರುತುಗಳೇ ಹೇಳುತ್ತಿದ್ದವು. ತೊಂಬತ್ತರ ದಶಕದಲ್ಲಿ ಹಸಿರು ಹೊಡೆದವರೂ ಇದೇ ನಂಬಿಕೆಯಿಂದ ಹೊಡೆದಿದ್ದರು.

ಐದನೆಯದನ್ನು ಯಾರೂ ಎತ್ತಲಿಲ್ಲ, ನಾನೇ ಎತ್ತಿಕೊಂಡೆ. ಜಾಗ, ಬಿಡುವು, ಕೈಕಾಸು ಯಾವುದೂ ಇಲ್ಲದ ಮನೆಯವರು ಏನು ಮಾಡಬೇಕು? ಒಂದೇ ಕೋಣೆಯಲ್ಲಿ ಬಸುರಿ, ಇನ್ನೊಂದು ಕೂಸು, ಅಲ್ಲೇ ಸೀಸದ ಬಣ್ಣ ಕೆರೆಯುವುದು ಎಂದರೆ ರೋಗಕ್ಕಿಂತ ಮದ್ದು ಕೆಟ್ಟದು. ಅಂಥವರು ಹಳೆ ಬಣ್ಣದ ಸಾಮಾನನ್ನು ಪುಕ್ಕಟೆ ಸಿಕ್ಕರೂ ಮನೆಯೊಳಗೆ ತರಬಾರದು. ನೂಲಿನ ಹಳೆ ಸೀರೆಯ ಜೋಳಿಗೆಗೆ ಬಣ್ಣವಿಲ್ಲ, ಮೊಳೆಯಿಲ್ಲ. ಗಟ್ಟಿ ಕೊಂಡಿಗೆ ಕಟ್ಟಿ, ಕೂಸಿನ ಮೂಗು ಬಾಯಿ ಮುಚ್ಚದಂತೆ ಕಣ್ಣೆದುರೇ ತೂಗಬೇಕು, ಅಷ್ಟೇ. ನಿದ್ದೆಗೆ ನೆಲದ ಮೇಲೆ ಬಿಗಿಯಾಗಿ ಹಾಸಿದ ಕೌದಿ ಸಾಕು. ಮೀಮಾಂಸಕರು ಕರ್ಮಗಳನ್ನು ಬಿಡದೆ ಮಾಡಬೇಕಾದ ನಿತ್ಯ, ಬಯಸಿದವರು ಮಾಡುವ ಕಾಮ್ಯ ಎಂದು ವಿಂಗಡಿಸುತ್ತಾರೆ. ಕೂಸಿಗೆ ನಿರ್ವಿಷವಾದ ಜಾಗ ನಿತ್ಯ. ತೊಟ್ಟಿಲು ಕಾಮ್ಯ.

ಸಿದ್ಧಾಂತ

ಕೆಲಸದ ಮೊದಲ ಮಾತು ನನ್ನದಲ್ಲ, ಬಡಿಗೇರ ಕಾಕಾನದು. ಬಣ್ಣದ ಬಗ್ಗೆ ನಾನು ಹೇಳುತ್ತಿದ್ದದ್ದನ್ನೆಲ್ಲ ಕೇಳಿಸಿಕೊಂಡು, "ಅಕ್ಕಾರ, ಮೊದ್ಲ ಇದರ ಎಲಬು ನೋಡ್ರಿ, ಚರ್ಮ ಆಮ್ಯಾಲ ನೋಡೂಣಂತ" ಎಂದ. ನಮ್ಮ ಮನೆಯ ನೆಲ ಶಹಾಬಾದಿ ಪರ್ಸಿ, ಒಂದೆರಡು ಕಲ್ಲು ಏರುಪೇರು. ಸಮ ಇರುವ ಒಂದು ಕಲ್ಲನ್ನು ಆರಿಸಿ ಕುರ್ಚಿಯನ್ನು ಇಟ್ಟ, ಎದುರುಬದುರು ಮೂಲೆಗಳನ್ನು ಅಂಗೈಯಿಂದ ಒತ್ತಿದ. ಕಾಲು ಗಿಡ್ಡವಾದ್ದರಿಂದ ಅಲುಗಿದರೆ ಟಕ್ ಎಂಬ ಸಪ್ಪಳ ನೆಲದಿಂದ ಬರುತ್ತದೆ, ಕೂಡು ಸಡಿಲಾಗಿದ್ದರೆ ಕಿರ್ ಎಂಬುದು ಕುರ್ಚಿಯೊಳಗಿಂದ ಬರುತ್ತದೆ. ತೊಟ್ಟಿಲಿನ ಎರಡು ಕೂಡುಗಳಲ್ಲಿ ಯಾರೋ ಹಿಂದೆ ಮೊಳೆ ಹೊಡೆದು ಸಾಗಹಾಕಿದ್ದರು. ಅವನ್ನು ಕಿತ್ತು, ಹಳೆ ಅಂಟನ್ನು ಉಳಿಯಿಂದ ಕೆತ್ತಿ, ಹೊಸ ಅಂಟು ಹಾಕಿ, ಬಿದಿರಿನ ಬೆಣೆ ಬಡಿದ. ಕಟ್ಟಿಗೆಯಲ್ಲಿ ಸೂಜಿತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದಕ್ಕೆ ಹುಳ ಬಿದ್ದಿದೆ ಎಂದೇ ತಿಳಿಯಬೇಕು. ಅಂಥದ್ದನ್ನು ಕೊಳ್ಳಲೇಬಾರದು, ಕೂಸು ಮಲಗುವ ಕಡೆ ಹುಳದ ಔಷಧ ಹೊಡೆಯಲಾಗದು.

ಆಮೇಲೆ ಕಡ್ಡಿಗಳ ನಡುವಿನ ಜಾಗ. ಅಂತರ 6 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಕೂಸಿನ ಮೈ ಜಾರಿ ಹೊರಬಂದು ಕುತ್ತಿಗೆ ಸಿಕ್ಕಿಕೊಳ್ಳಬಹುದು. ನನ್ನ ಕೈಯಲ್ಲಿ ಮೂರು ಬೆರಳು ಹೋಗಬೇಕು, ನಾಲ್ಕನೆಯದು ಹೋಗಬಾರದು. ತೊಟ್ಟಿಲು ಇದರಲ್ಲಿ ಪಾಸಾಯಿತು. ಅಂಗಡಿಯ ಮಂಚದ ಒಂದು ಬದಿಯಲ್ಲಿ ಕಡ್ಡಿ ಮುರಿದು ಅಂಗೈ ಹೋಗುವಷ್ಟು ಜಾಗ ಆಗಿತ್ತು. ಕಾಕಾ ಅದಕ್ಕೆ ಸಾಗವಾನಿಯ ತುಂಡೊಂದನ್ನು ರಂದ ಹೊಡೆದು ಕೂಡಿಸಿದ. ಮಂಚದ ಇನ್ನೊಂದು ಬದಿ ಮೇಲೆ ಕೆಳಗೆ ಜಾರುವಂಥದ್ದು. ಜಾರುವ ಬದಿ ಕಳಚಿ ಮಕ್ಕಳು ಸತ್ತಮೇಲೆ ಅಮೆರಿಕದಲ್ಲಿ 2011ರಿಂದ ಅಂಥ ಮಂಚಗಳ ಮಾರಾಟವೇ ನಿಂತಿದೆ. ನಾವು ಅದನ್ನು ನಾಲ್ಕು ಕಡೆ ತಿರುಪು ಹಾಕಿ ಶಾಶ್ವತವಾಗಿ ನಿಲ್ಲಿಸಿದೆವು. ಕೊನೆಗೆ ತೊಟ್ಟಿಲನ್ನು ಜಂತಿಗೆ ತೂಗುಹಾಕಿ 25 ಕಿಲೋ ತೊಗರಿಬೇಳೆಯ ಚೀಲವನ್ನು ಒಂದು ರಾತ್ರಿ ಮಲಗಿಸಿದೆವು. ಬೆಳಿಗ್ಗೆ ಒಂದು ಕೊಂಡಿ ಕೂದಲಷ್ಟು ಬಾಯ್ಬಿಟ್ಟಿತ್ತು. ನಾಲ್ಕನ್ನೂ ಬದಲಿಸಿದೆ.

ಇನ್ನು ಚರ್ಮ. ಮಗಳನ್ನು ಹತ್ತು ದಿನ ಕಮಲಾಪುರಕ್ಕೆ ಕಳಿಸಿದೆ. ತಾಯಿಯ ರಕ್ತದ ಸೀಸ ಹೊಟ್ಟೆಯ ಕೂಸಿಗೆ ದಾಟುತ್ತದೆ. ಹಿತ್ತಿಲಲ್ಲಿ ಗಾಳಿ ಬೀಸದ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚು ಮೇಲೆತ್ತಿ ಇಟ್ಟಿಗೆ ಇಟ್ಟು ತಟ್ಟೆಯ ಹಾಗೆ ಮಾಡಿದೆವು. ನಿಯಮ ಎರಡೇ: ಒಣಗಿದ್ದನ್ನು ಉಜ್ಜಬಾರದು, ಬೆಂಕಿ ತೋರಿಸಬಾರದು. ಒಣ ಪುಡಿ ಮನೆಯೆಲ್ಲ ಸೇರುತ್ತದೆ, ಕಾಯಿಸಿದರೆ ಸೀಸ ಹೊಗೆಯಾಗಿ ನೇರ ಎದೆಗೆ ಇಳಿಯುತ್ತದೆ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ಸೋಪಿನ ನೀರು ತುಂಬಿ, ಪಟ್ಟಿಯನ್ನು ನೆನೆಸುತ್ತ, ಗಾಜಿನ ಚೂರಿನ ಅಂಚಿನಿಂದ ಕೆರೆದು, ಆಮೇಲೆ 120 ನಂಬರಿನ ವಾಟರ್ ಪೇಪರಿನಿಂದ ತಿಕ್ಕಿದೆವು. ಹಸಿರು ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಹಳದಿ ಹಾಗಲ್ಲ, ಅರಿಶಿನ ಕಲಸಿದಂಥ ನೀರಾಗಿ ಬೆರಳ ಸಂದಿಯಿಂದ ಇಳಿಯಿತು, ಗಡ್ಡೆಕಟ್ಟಿ ಮತ್ತೆ ಇಳಿಯಿತು. ಒಂದೊಂದು ಕಡ್ಡಿಗೆ ಮುಕ್ಕಾಲು ತಾಸು. ಅರಿವೆ ಸುತ್ತಿದರೆ ಆ ಪುಡಿ ನಿಲ್ಲುವುದಿಲ್ಲ. ಕೋವಿಡ್ ಕಾಲದ ಗಟ್ಟಿ ಮಾಸ್ಕುಗಳು ಮನೆಯಲ್ಲಿದ್ದವು, ಹಾಕಿಕೊಂಡೆವು. ಕೆಲಸದ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಒಗೆಯಲಿಲ್ಲ, ಕೈ ಮುಖ ತೊಳೆಯದೆ ಚಹಾ ಕುಡಿಯಲಿಲ್ಲ. ನೀರು ತುಳಸಿಗೂ ಹೋಗಲಿಲ್ಲ, ಚರಂಡಿಗೂ ಹೋಗಲಿಲ್ಲ. ಬುಟ್ಟಿಯಲ್ಲಿ ತಿಳಿಯಾಗಲು ಬಿಟ್ಟು, ಉಳಿದ ಕೆಸರನ್ನೂ ಒರೆಸಿದ ಹಳೆ ಸೀರೆಯ ಚಿಂದಿಯನ್ನೂ ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ಸೀಸದ ಬಣ್ಣ ಎಂದು ಬರೆದು, ಮನೆಗಸದಿಂದ ಬೇರೆಯಾಗಿ ಅಪಾಯದ ಕಸವೆಂದು ಹೇಳಿಯೇ ಕೊಟ್ಟೆ.

ಮೂರನೆಯ ದಿನ ಕಟ್ಟಿಗೆ ಕಂಡಿತು. ಐವತ್ತು ವರ್ಷ ಬೆಳಕು ನೋಡದ ಸಾಗವಾನಿ, ಬೆಲ್ಲದ ಬಣ್ಣ. ಹಲ್ಲಿನ ಗುರುತು ಕಟ್ಟಿಗೆಯಲ್ಲೂ ಇದ್ದವು. ಅವುಗಳ ಒಳಗಿನ ಹಳದಿಯನ್ನು ದಬ್ಬಣದ ತುದಿಗೆ ಒದ್ದೆ ಅರಿವೆ ಸುತ್ತಿ ಒಂದೊಂದಾಗಿ ತೆಗೆದೆ.

ಅದರ ಮೇಲೆ ಏನು ಹಚ್ಚಬೇಕು ಎಂಬುದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಅಗಸಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವಂಥದ್ದು. ಕುಸುಬಿ ಎಣ್ಣೆಯೂ ಹೌದು, ಸ್ವಲ್ಪ ನಿಧಾನ. ಶೇಂಗಾ, ಕೊಬ್ಬರಿ ಎಣ್ಣೆ ಎಂದೂ ಒಣಗುವುದಿಲ್ಲ. ಜಿಗುಟಾಗಿ ಕಮಟು ನಾರುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕುದಿಸಿದ್ದೆಂದು ಮಾರುವ ಅಗಸಿ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ; ಕೂಸಿನ ಸಾಮಾನಿಗೆ ಗಾಣದ್ದೇ ಬೇಕು. ತೆಳ್ಳಗೆ ಹಚ್ಚಿ, ಅರ್ಧ ತಾಸು ಬಿಟ್ಟು, ಕೈಗೆ ಹತ್ತದಂತೆ ಒರೆಸಿ, ವಾರ ಬಿಟ್ಟು ಮತ್ತೊಮ್ಮೆ. ಒಟ್ಟು ಮೂರು ಸಲ. ಇಲ್ಲಿ ಒಂದು ಎಚ್ಚರಿಕೆ. ಮೊದಲ ದಿನ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದೆ. ತಾಸಿನ ಮೇಲೆ ಎತ್ತಿಕೊಂಡರೆ ಈಗಷ್ಟೇ ಇಸ್ತ್ರಿ ಮಾಡಿದ ಹಾಗೆ ಬಿಸಿ. ಆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಮುದ್ದೆಯೊಳಗೆ ಶಾಖ ಕೂಡಿಟ್ಟುಕೊಂಡು ಅರಿವೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಅವನ್ನು ನೀರಲ್ಲಿ ನೆನೆಸಬೇಕು, ಇಲ್ಲವೇ ಪರ್ಸಿಯ ಮೇಲೆ ಬಿಡಿಬಿಡಿಯಾಗಿ ಹರವಬೇಕು.

ಮೇಲಿನ ಪಟ್ಟಿಗೂ ಕಡ್ಡಿಗಳಿಗೂ ಎಣ್ಣೆಯ ಬದಲು ಅರಗು. ಚನ್ನಪಟ್ಟಣದ ಗೊಂಬೆಗೆ ತಿರುಗಣಿಯ ಮೇಲೆ ತಿಕ್ಕಾಟದ ಬಿಸಿಯಿಂದ ಹತ್ತಿಸುವುದೂ ಅರಗನ್ನೇ. ಮಾತ್ರೆಗಳಿಗೆ ಹೊಳಪು ಕೊಡುವುದೂ ಅದೇ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ರಾತ್ರಿ ನೆನೆಸಿ, ಸೋಸಿ, ಹತ್ತಿಯುಂಡೆ ಸುತ್ತಿದ ಅರಿವೆಯಿಂದ ಹಚ್ಚಬೇಕು. ನಮ್ಮಲ್ಲಿ ಮಧ್ಯಾಹ್ನ ಹಚ್ಚಿದರೆ ಸ್ಪಿರಿಟ್ಟು ಹಾರಿಹೋಗಿ ಗೆರೆ ಉಳಿಯುತ್ತದೆ, ಮಳೆಗಾಲದಲ್ಲಿ ಹಚ್ಚಿದರೆ ತೇವ ಹಿಡಿದು ಬಿಳಿಚುತ್ತದೆ. ಚಳಿಗಾಲದ ಮುಂಜಾನೆ ಸರಿಯಾದ ಹೊತ್ತು. ತೊಟ್ಟಿಲ ತಳಕ್ಕೆ ಮಾತ್ರ ಅರಗು ಬೇಡ, ಒದ್ದೆಗೆ ಅದು ಬೆಳ್ಳಗಾಗುತ್ತದೆ, ಅಲ್ಲಿಗೆ ಎಣ್ಣೆಯೇ ಸೈ.

ಕುರ್ಚಿಯ ಚೌಕಟ್ಟು ಕಬ್ಬಿಣದ್ದು, ತುಕ್ಕು ಹಿಡಿದಿತ್ತು. ಅದಕ್ಕೆ ಹಚ್ಚಿದ ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡು; ಹೆಸರು ಹತ್ತಿರವಿದ್ದರೂ ರೆಡ್ ಲೆಡ್ ಬೇರೆ, ಅದು ಸೀಸ. ಡಬ್ಬಿಯ ಮೇಲೆ ಸೀಸ 90 ಭಾಗ ಮೀರಿಲ್ಲ ಎಂಬ ಬರಹ ಓದಿಯೇ ಎನಾಮಲ್ ಕೊಂಡೆ. ಟ್ರ್ಯಾಕ್ಟರಿಗೋ ಗೇಟಿಗೋ ಹೊಡೆದು ಉಳಿದ ಬಣ್ಣ ಪುಕ್ಕಟೆ ಸಿಗುತ್ತದೆಂದು ಹಚ್ಚಬಾರದು. ಕಾರ್ಖಾನೆ ಕೆಲಸದ ಬಣ್ಣಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ.

ಅಪವಾದ

ಈ ಸಿದ್ಧಾಂತಕ್ಕೆ ಒಳಪಡದ ಎರಡು ಸಾಮಾನು ಉಳಿದವು. ಕಲಘಟಗಿಯ ಚಿತ್ರಗಾರರು ಅರಗಿನ ಬಣ್ಣದಲ್ಲಿ ಕಥೆ ಬರೆದ ತೊಟ್ಟಿಲು ಮನೆಯಲ್ಲಿದ್ದರೆ ಅದನ್ನು ಕೆರೆಯಬೇಕೇ? ಖಂಡಿತ ಬೇಡ. ಕೆರೆದರೆ ಒಂದು ಕುಲದ ಕೈಬರಹ ಅಳಿಸಿದಂತೆ. ನಡುವೆ ಯಾರಾದರೂ ಅಂಗಡಿಯ ಬಣ್ಣ ತೀಡಿದ್ದರೆ ಅದು ಹೆಸರಿಡುವ ದಿನ ಒಂದು ತಾಸು ಕೂಸನ್ನು ಹೊತ್ತುಕೊಳ್ಳಲಿ, ಉಳಿದ ದಿನ ಕೋಣೆಯಲ್ಲಿರಲಿ.

ಇನ್ನೊಂದು, ಕೂಸನ್ನು ಒಳಗೆ ಕೂರಿಸಿ ಗಾಲಿಯ ಮೇಲೆ ಬಿಡುವ ವಾಕರ್. ಮೆಟ್ಟಿಲಿಂದ ಉರುಳುವ ಅಪಾಯ ನೋಡಿ ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ. ಅದರ ಕೆಲಸವೇ ಅಯೋಗ್ಯವಾದ್ದರಿಂದ ಅದಕ್ಕೆ ಯಾವ ಸಂಸ್ಕಾರವೂ ಇಲ್ಲ. ನಿಂತು ನೂಕುವ ಮೂರು ಗಾಲಿಯ ಕಟ್ಟಿಗೆ ಗಾಡಿ ಬೇರೆ. ಅದು ಸಿಕ್ಕರೆ ಬಿಡಬೇಡಿ.

ಸಂಗತಿ

ಲೆಕ್ಕ ಹೀಗಿದೆ. ಬಡಿಗೇರ ಕಾಕಾನ ಅರ್ಧ ದಿನಕ್ಕೆ 500 ರೂಪಾಯಿ, ವಾಟರ್ ಪೇಪರಿಗೆ 240, ಅರಗು ಮತ್ತು ಸ್ಪಿರಿಟ್ಟಿಗೆ 440, ಅಗಸಿ ಎಣ್ಣೆಗೆ 180, ಅಂಟು ತಿರುಪು ಕೊಂಡಿಗೆ 110, ಕುರ್ಚಿಯ ಬಣ್ಣಕ್ಕೆ 330. ಒಟ್ಟು 1,800, ಕೊಂಡ 900 ಸೇರಿ ಮೂರು ಸಾಮಾನಿಗೆ 2,700. ಎಲ್ಲಕ್ಕಿಂತ ದೊಡ್ಡ ಮೊತ್ತ ಎಲುಬಿಗೆ ಹೋಯಿತು ಎಂಬುದನ್ನು ಗಮನಿಸಬೇಕು. ಇನ್ನೂ ಉಳಿಸಬೇಕೆಂದರೆ ಕುರ್ಚಿಯ ಬಣ್ಣ ಬಿಡಬಹುದು, ಕಾಕಾನನ್ನು ಬಿಡುವಂತಿಲ್ಲ.

ಫೆಬ್ರುವರಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕುವ ಹಿಂದಿನ ದಿನ ತೊಟ್ಟಿಲನ್ನು ಬೋರಲು ಹಾಕಿ, ತಳದ ಹಲಗೆಯ ಹೊರಬದಿಗೆ ಪೆನ್ಸಿಲಿನಿಂದ ಬರೆದೆ. ಪೆನ್ಸಿಲಿಗೆ ನಮ್ಮ ಮಾಸ್ತರರು ಸೀಸದಕಡ್ಡಿ ಎನ್ನುತ್ತಿದ್ದರು. ಅದರಲ್ಲಿ ಇರುವುದು ಗ್ರಾಫೈಟು, ಸೀಸವಿಲ್ಲ. ಯಾವ ತಿಂಗಳು ಯಾವ ಮೂರು ಪದರ ತೆಗೆದದ್ದು, ತಳಕ್ಕೆ ಏನು, ಕಡ್ಡಿಗೆ ಏನು, ಕೊಂಡಿ ಬದಲಿಸಿದ್ದು ಯಾವಾಗ, ಎಷ್ಟು ತೂಕ ತಡೆಯಿತು, ಎಲ್ಲ. ಹಿಂದೆ ಬಣ್ಣ ಹೊಡೆದವರು ಇಷ್ಟು ಬರೆದಿಟ್ಟಿದ್ದರೆ ನನಗೆ ಸಂಶಯವೇ ಹುಟ್ಟುತ್ತಿರಲಿಲ್ಲ. ಕೆಳಗೆ ಎರಡು ಸಾಲು ಜಾಗ ಬಿಟ್ಟಿದ್ದೇನೆ. ಸಣ್ಣ ತಮ್ಮನ ಸೊಸೆಗೆ ಈಗ ನಾಲ್ಕು ತಿಂಗಳು. ಶ್ರಾವಣ ಕಳೆದ ಮೇಲೆ ತೊಟ್ಟಿಲು ಮತ್ತೆ ಕಮಲಾಪುರಕ್ಕೆ ಹೋಗುತ್ತದೆ.